ಆಂಟ್‌ವರ್ಪ್‌ನಲ್ಲಿ ಓಡಿದ ಬೆಳಗಾವಿಯ ಚೌಗುಲೆ

ಭಾರತದ ಒಲಿಂಪಿಕ್ ಸಾಧನೆಯ ಮಾತು ಬಂದಾಗ ಸಾಮಾನ್ಯವಾಗಿ 1928ರ ಹಾಕಿ ಚಿನ್ನದಿಂದ ಕಥೆ ಆರಂಭವಾಗುತ್ತದೆ. ಅದಕ್ಕೆ ಎಂಟು ವರ್ಷ ಮುಂಚೆ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ದೇಶದ ಮೊದಲ ತಂಡದ ಸದಸ್ಯನಾಗಿ ಓಡಿದವರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳನ್ನು ಒಳಗೊಂಡ ಇದೇ ಜಿಲ್ಲೆಯವರಾದ ಅವರ ಹೆಸರು ಇಲ್ಲಿನ ಶಾಲಾ ಮಕ್ಕಳಿಗೂ ಅಷ್ಟಾಗಿ ಪರಿಚಯವಿಲ್ಲ.

ಆಗ ಈ ಪ್ರದೇಶ ಮುಂಬಯಿ ಪ್ರಾಂತ್ಯದ ಭಾಗ. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟಕ್ಕೆ ಬಂದಿದ್ದ ಸರ್ ದೊರಾಬ್ಜಿ ಟಾಟಾ, ಬರಿಗಾಲಿನಲ್ಲಿ ಓಡುತ್ತಿದ್ದ ಹಳ್ಳಿಗಾಡಿನ ರೈತಾಪಿ ಓಟಗಾರರನ್ನು ಕಂಡು ಬೆರಗಾದರು. ಆಧುನಿಕ ನಿಯಮಗಳ ಪರಿಚಯವಿಲ್ಲದ, ತರಬೇತಿಯೂ ಇಲ್ಲದ ಈ ಯುವಕರ ವೇಗ ಯುರೋಪಿನವರಿಗೆ ಹತ್ತಿರದಲ್ಲಿತ್ತು. ಪ್ರಾಂತ್ಯದ ಗವರ್ನರ್ ಅವರ ನೆರವಿನೊಂದಿಗೆ, ತಮ್ಮ ಹಣವನ್ನೂ ಹಾಕಿ, ಟಾಟಾ ಆರು ಮಂದಿಯನ್ನು ಕಳುಹಿಸಿದರು: ನಾಲ್ವರು ಓಟಗಾರರು, ಇಬ್ಬರು ಕುಸ್ತಿಪಟುಗಳು. ದೇಶಕ್ಕೆ ಆಗಿನ್ನೂ ಒಲಿಂಪಿಕ್ ಸಂಸ್ಥೆಯೇ ಇರಲಿಲ್ಲ. ಅದು ಸ್ಥಾಪನೆಯಾದದ್ದು 1927ರಲ್ಲಿ.

1920ರ ಆಗಸ್ಟ್ 22ರಂದು ನಡೆದ ಮ್ಯಾರಥಾನ್ 42.75 ಕಿಲೋಮೀಟರ್‌ನದು; ಇಂದಿನ ದೂರಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಒಲಿಂಪಿಕ್ ಇತಿಹಾಸದಲ್ಲೇ ಅದು ಅತಿ ದೀರ್ಘ ಮ್ಯಾರಥಾನ್. ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ ಗೆದ್ದರು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಗುರಿ ಮುಟ್ಟಿ 19ನೆಯವರಾದರು. ವಿಜೇತರಿಗಿಂತ ಸುಮಾರು 18 ನಿಮಿಷ ಹಿಂದೆ. ಅದೇ ಸ್ಪರ್ಧೆಯಲ್ಲಿದ್ದ ಇನ್ನೊಬ್ಬ ಭಾರತೀಯ ಸದಾಶಿವ ದಾತಾರ್ ಓಟ ಪೂರ್ಣಗೊಳಿಸಲಾಗಲಿಲ್ಲ. 10,000 ಮೀಟರ್ ಓಟದಲ್ಲಿ ಚೌಗುಲೆ ಅಂತಿಮ ಸುತ್ತು ತಲುಪಲಿಲ್ಲ.

ಹತ್ತೊಂಬತ್ತನೆಯ ಸ್ಥಾನದ ತೂಕ ತಿಳಿಯಬೇಕಾದರೆ ಮುಂದಿನ ದಶಕಗಳತ್ತ ನೋಡಬೇಕು. 1924ರಲ್ಲಿ ಮಹದೇವ ಸಿಂಗ್ 29ನೆಯವರಾದರು. 1952ರಲ್ಲಿ ಸೂರತ್ ಸಿಂಗ್ ಮಾಥುರ್ 52ನೆಯವರು. 1976ರ ಮಾಂಟ್ರಿಯಲ್‌ನಲ್ಲಿ ಶಿವನಾಥ್ ಸಿಂಗ್ 11ನೇ ಸ್ಥಾನ ಗಳಿಸಿದರು. ಸ್ವತಂತ್ರ ಭಾರತ ಕ್ರೀಡಾ ಇಲಾಖೆ, ತರಬೇತಿ ಕೇಂದ್ರ, ಭತ್ಯೆ ಎಲ್ಲವನ್ನೂ ಕಟ್ಟಿಕೊಂಡ ಮೇಲೆಯೂ ಹಳ್ಳಿಯ ಆ ಓಟಗಾರನ ಸಾಧನೆ ಸುಲಭದ ಸವಾಲಾಗಿರಲಿಲ್ಲ.

ಹಾಗಾದರೆ ಅವರು ಮರೆವಿಗೆ ಸರಿದದ್ದೇಕೆ? ಪದಕ ಬಾರದಿದ್ದುದು ಒಂದು ಕಾರಣ. ಗುಲಾಮ ದೇಶದ ತಂಡಕ್ಕೆ ತನ್ನದೇ ಸಂಸ್ಥೆ, ತನ್ನದೇ ದಾಖಲೆಪಾಲಕರು ಇಲ್ಲದ್ದು ಮತ್ತೊಂದು. ಇನ್ನೂ ದೊಡ್ಡ ಕಾರಣ, ಆಟೋಟಗಳನ್ನು ನಾವು ಗೆದ್ದವರ ಪಟ್ಟಿಯಿಂದಷ್ಟೇ ಅಳೆಯುವ ಅಭ್ಯಾಸ.

ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ದೂರದ ಊರುಗಳಿಂದ ಕಾಲ್ನಡಿಗೆಯಲ್ಲಿ ಬರುವವರಿಗೆ ಬರಿಗಾಲಿನ ದೂರ ಹೊಸದಲ್ಲ. ಈ ಸೀಮೆಯ ಹೊಲ, ಮಡ್ಡಿ, ಶಾಲೆಯ ಮೈದಾನಗಳಲ್ಲಿ ಓಡುವ ಮಕ್ಕಳಿಗೂ ಕೊರತೆಯಿಲ್ಲ. ಅಂದು ಪುಣೆಯ ಕೂಟಕ್ಕೆ ಒಬ್ಬ ಟಾಟಾ ಬಾರದಿದ್ದರೆ ಚೌಗುಲೆ ಹಡಗು ಹತ್ತುತ್ತಿರಲಿಲ್ಲ. ಪ್ರತಿಭೆಯ ಶೋಧ ಒಬ್ಬ ಉದಾರಿಯ ಆಕಸ್ಮಿಕ ಭೇಟಿಯನ್ನೇ ಅವಲಂಬಿಸಬೇಕಾದ ಸ್ಥಿತಿ ತಪ್ಪಬೇಕು. ಜಿಲ್ಲೆಯ ಮೈದಾನಗಳಲ್ಲಿ ಚೌಗುಲೆಯವರ ಹೆಸರು ಬರೆಸುವುದಕ್ಕಿಂತ ಮೊದಲು ಆಗಬೇಕಾದ ಕೆಲಸ ಅದು.