ಗಾಲಿಕುರ್ಚಿಯಲ್ಲಿ ಕುಳಿತೇ ನೂರಾರು ಬದುಕು ಕಟ್ಟಿದ ವೈದ್ಯೆ

ಬೆಳಗಾವಿ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದಲ್ಲಿ ಎರಡೂ ಕಾಲುಗಳ ಬಲ ಹೋದರೆ ಜನ ಅದನ್ನು ಲಕ್ವ ಎನ್ನುವುದುಂಟು. ಅಂಥವರ ಬದುಕು ಅಲ್ಲಿಗೇ ಮುಗಿಯುವುದಿಲ್ಲ ಎಂಬುದನ್ನು ಸ್ವತಃ ಬಾಳಿ ತೋರಿದವರು ಡಾ. ಮೇರಿ ವರ್ಗೀಸ್.

1925ರಲ್ಲಿ ಕೇರಳದ ಕೊಚ್ಚಿ ಸಮೀಪ ಜನಿಸಿದ ಮೇರಿ, ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಪದವಿ ಪಡೆದರು. 1954ರಲ್ಲಿ ಸಂಭವಿಸಿದ ವಾಹನ ಅಪಘಾತದಲ್ಲಿ ಅವರ ಬೆನ್ನುಹುರಿಗೆ ಪೆಟ್ಟು ಬಿದ್ದು, ಸೊಂಟದ ಕೆಳಗಿನ ಭಾಗ ಸ್ವಾಧೀನ ಕಳೆದುಕೊಂಡಿತು. ಆಗ ಅವರ ವೃತ್ತಿಜೀವನ ಆರಂಭವಾಗಿತ್ತಷ್ಟೆ.

ಆದರೆ ಕೈಗಳು ಗಟ್ಟಿಯಾಗಿದ್ದವು. ಶಸ್ತ್ರವೈದ್ಯ ಡಾ. ಪಾಲ್ ಬ್ರ್ಯಾಂಡ್ ಅವರ ಪ್ರೋತ್ಸಾಹದಿಂದ, ಕುಷ್ಠರೋಗದಿಂದ ಮುದುಡಿದ ಕೈಗಳನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯನ್ನು ಗಾಲಿಕುರ್ಚಿಯಲ್ಲಿ ಕುಳಿತೇ ಕಲಿತು ನಡೆಸಿದರು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ತಾವೇ ಪುನರ್ವಸತಿ ಚಿಕಿತ್ಸೆ ಪಡೆದರು. ಬಳಿಕ ನ್ಯೂಯಾರ್ಕ್‌ನಲ್ಲಿ ಡಾ. ಹೊವಾರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಅದೇ ವಿಷಯದಲ್ಲಿ ತರಬೇತಿ ಹೊಂದಿದರು.

ತಾಯ್ನಾಡಿಗೆ ಮರಳಿದ ಅವರು ವೆಲ್ಲೂರಿನಲ್ಲಿ ಪುನರ್ವಸತಿ ವೈದ್ಯ ವಿಭಾಗದ ಚುಕ್ಕಾಣಿ ಹಿಡಿದರು. 1966ರಲ್ಲಿ ರೋಗಿಗಳು ಉಳಿದು ಚಿಕಿತ್ಸೆ ಪಡೆಯುವ ಕೇಂದ್ರ ಅಲ್ಲಿ ಆರಂಭವಾಯಿತು. ದೇಶದಲ್ಲಿ ಈ ಬಗೆಯ ಮೊದಲ ಪ್ರಯತ್ನಗಳಲ್ಲಿ ಅದೂ ಒಂದು. 1972ರಲ್ಲಿ ಪದ್ಮಶ್ರೀ ಗೌರವ ಅವರಿಗೆ ಸಂದಿತು. 1986ರಲ್ಲಿ ಅವರು ನಿಧನರಾದರು.

ಅಪಘಾತವೊಂದೇ ಬೆನ್ನುಹುರಿಗೆ ಶತ್ರುವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಬೆನ್ನುಹುರಿಯ ಮೇಲೆ ದಾಳಿ ಮಾಡುವ ಕಾಯಿಲೆಗಳೂ ಇವೆ. ಕಾಲು ಜೋಮುಗಟ್ಟುವುದು, ಬಲ ಕುಂದುವುದು, ಮೂತ್ರ ಕಟ್ಟುವುದು ಕೆಲವೇ ಗಂಟೆ ಅಥವಾ ದಿನಗಳಲ್ಲಿ ಕಾಣಿಸಿಕೊಳ್ಳುತ್ತವೆ. ಕೆಲವರಲ್ಲಿ ದೃಷ್ಟಿಯೂ ಮಂಕಾಗುತ್ತದೆ. ಈ ದೃಷ್ಟಿದೋಷದ ಬಗೆಯನ್ನು ಗುರುತಿಸಲು ನೆರವಾಗುವ ರಕ್ತದ ಪ್ರತಿಕಾಯ 2004ರಲ್ಲಿ ಪತ್ತೆಯಾಯಿತು. ಎಂಆರ್‌ಐ ತಪಾಸಣೆಯ ಬಳಿಕ ಸ್ಟಿರಾಯ್ಡ್ ಚುಚ್ಚುಮದ್ದು, ಅದು ಫಲಿಸದಿದ್ದರೆ ರಕ್ತದ ಪ್ಲಾಸ್ಮಾ ಬದಲಾವಣೆ ಮಾಡಲಾಗುತ್ತದೆ. ಮರುಕಳಿಸುವ ಬಗೆಗಳಿಗೆ ವರ್ಷಗಟ್ಟಲೆ ಔಷಧಿ ಬೇಕಾಗುತ್ತದೆ. ತಡವಾದಷ್ಟೂ ಹಾನಿ ಶಾಶ್ವತವಾಗುವ ಅಪಾಯವಿರುವುದರಿಂದ, ಈ ಲಕ್ಷಣಗಳು ಕಂಡಾಗ ಲಕ್ವವೆಂದು ಊರಲ್ಲೇ ದಿನ ಕಳೆಯದೆ ದೊಡ್ಡ ಆಸ್ಪತ್ರೆಗೆ ತೆರಳುವುದು ಲೇಸು.

ಔಷಧಿ ಮುಗಿದಲ್ಲಿಂದ ಮೇರಿಯವರ ದಾರಿ ಆರಂಭವಾಗುತ್ತದೆ. ಹುಣ್ಣಾಗದಂತೆ ರೋಗಿಯನ್ನು ಆಗಾಗ ಮಗ್ಗುಲು ಬದಲಿಸಬೇಕು. ಮೂತ್ರಕೋಶ ಖಾಲಿ ಮಾಡುವ ಕ್ರಮ ಕಲಿಸಬೇಕು. ವ್ಯಾಯಾಮ, ಗಾಲಿಕುರ್ಚಿ, ಕೊನೆಗೆ ಕೂತು ಮಾಡುವ ಒಂದು ಉದ್ಯೋಗ. ಕಾಯಿಲೆಯ ಕಾರಣ ಯಾವುದೇ ಇರಲಿ, ಈ ಆರೈಕೆ ಬೇಕೇಬೇಕು. ನಡೆಯಲಾಗದವರೂ ದುಡಿಯಬಲ್ಲರು ಎಂಬುದೇ ಆ ಮಹಾತಾಯಿಯ ಬದುಕಿನ ಸಾರ.