ಮೂರು ಸೀಮೆ, ಹದಿನಾಲ್ಕು ತಿಂಗಳ ದಾರಿ: ದುರ್ಗದ ನೆಲದಲ್ಲಿ ಡಾ. ಬುಕಾನನ್

ಚಿತ್ರದುರ್ಗ: ಹರಿಹರದಿಂದ ದಾವಣಗೆರೆ, ಚಿತ್ರದುರ್ಗ, ಐಮಂಗಲ ಮಾರ್ಗವಾಗಿ ಹಿರಿಯೂರು ತಲುಪಲು ಇಂದು ಎರಡು ತಾಸಿನ ಕಾರು ಪ್ರಯಾಣ ಸಾಕು. ರಾಷ್ಟ್ರೀಯ ಹೆದ್ದಾರಿಯ ಎರಡೂ ಬದಿಗೆ ಬೋಳು ಗುಡ್ಡಗಳು, ಅವುಗಳ ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರಗಳು ಕಾಣಿಸಿ ಮರೆಯಾಗುತ್ತವೆ. ಇದೇ ದಾರಿಯನ್ನು 1801ರ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ವೈದ್ಯನೊಬ್ಬ ದಿನಕ್ಕೆ ಕೆಲವೇ ಹರದಾರಿಯಂತೆ ಕ್ರಮಿಸಿದ್ದ. ಪ್ರತಿ ಊರಿನಲ್ಲಿ ಡೇರೆ ಹಾಕಿ, ಊರವರನ್ನು ಕರೆಸಿ, ಬೆಳೆ ಯಾವುದು, ಮಳೆ ಎಷ್ಟು, ಕಂದಾಯ ಎಷ್ಟು, ಊರು ಹಾಳಾದದ್ದು ಏಕೆ ಎಂದು ಪ್ರಶ್ನಿಸಿ, ಉತ್ತರಗಳನ್ನು ದಿನಚರಿಯಲ್ಲಿ ಬರೆದಿಟ್ಟಿದ್ದ.

ಆತನೇ ಡಾ. ಫ್ರಾನ್ಸಿಸ್ ಬುಕಾನನ್. ಮೈಸೂರು ಸೀಮೆಯ ಇತಿಹಾಸ ಬರೆದವರಾರೂ ಈತನ ಹೆಸರನ್ನು ಬಿಟ್ಟು ಮುಂದೆ ಸಾಗಿಲ್ಲ. ಆಲ್ಪ್ಸ್ ಪರ್ವತಗಳ ನಡುವೆ ದೇಶದಿಂದ ದೇಶಕ್ಕೆ ಕಾರಿನಲ್ಲಿ ಸುತ್ತಿಬಂದ ಕನ್ನಡಿಗರ ಸಂಖ್ಯೆ ಇಂದು ದೊಡ್ಡದಿದೆ. ಇನ್ನೂರು ವರ್ಷಗಳ ಹಿಂದೆ ಯೂರೋಪಿನ ಬೆಟ್ಟದ ಸೀಮೆಯಿಂದ ಬಂದ ಒಬ್ಬಾತ ನಮ್ಮ ಘಟ್ಟ, ಕಣಿವೆ, ಬಯಲುಗಳನ್ನು ಸುತ್ತಿದ ಕಥೆ ಅದಕ್ಕೆ ವಿರುದ್ಧ ದಿಕ್ಕಿನ ಪ್ರವಾಸದ ಕಥೆ. ಆದರೆ ಅದು ವಿಹಾರವಾಗಿರಲಿಲ್ಲ. ಗೆದ್ದವರು ತಾವು ಗೆದ್ದ ನೆಲದ ಲೆಕ್ಕ ತೆಗೆಯಲು ಕಳುಹಿಸಿದ ಪ್ರಯಾಣ ಅದಾಗಿತ್ತು.

ಬೆಟ್ಟದ ಮಗ

ಬುಕಾನನ್ ಜನಿಸಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನ ಪರ್ತ್‌ಷೈರ್ ಪ್ರಾಂತ್ಯದ ಕ್ಯಾಲಂಡರ್ ಎಂಬ ಊರಿನ ಸಮೀಪ. ಸ್ಕಾಟ್ಲೆಂಡಿನ ಎತ್ತರದ ಪರ್ವತ ಪ್ರದೇಶ ಆರಂಭವಾಗುವುದೇ ಆ ಊರಿನ ಬಾಗಿಲಿನಿಂದ. ತಂದೆ ವೈದ್ಯ. ಮಗನೂ ಅದೇ ವೃತ್ತಿಯನ್ನು ಆರಿಸಿಕೊಂಡು 1783ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದ. ಅಲ್ಲಿ ಜಾನ್ ಹೋಪ್ ಎಂಬ ಪ್ರಾಧ್ಯಾಪಕರ ಬಳಿ ಕಲಿತ ಸಸ್ಯಶಾಸ್ತ್ರ ಆತನ ಜೀವನದ ದಿಕ್ಕನ್ನೇ ಬದಲಿಸಿತು. ರೋಗಿಗಳಿಗಿಂತ ಗಿಡಮರಗಳು ಆತನ ಮನಸ್ಸನ್ನು ಹೆಚ್ಚು ಸೆಳೆದವು.

ಹಡಗುಗಳಲ್ಲಿ ವೈದ್ಯನಾಗಿ ಹಲವು ವರ್ಷ ಏಷ್ಯಾದ ಕಡಲುಗಳನ್ನು ಸುತ್ತಿದ ಬುಕಾನನ್ 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯಕೀಯ ಸೇವೆಗೆ ಸೇರಿದ. ಮರುವರ್ಷವೇ ಕ್ಯಾಪ್ಟನ್ ಸೈಮ್ಸ್ ನೇತೃತ್ವದ ರಾಯಭಾರ ತಂಡದೊಂದಿಗೆ ಬರ್ಮಾದ ಆವಾ ಆಸ್ಥಾನಕ್ಕೆ ಹೋಗಿಬಂದ. 1798ರಲ್ಲಿ ಚಿತ್ತಗಾಂಗ್ ಗುಡ್ಡಗಾಡಿನ ಸಮೀಕ್ಷೆ ಆತನ ಪಾಲಿಗೆ ಬಂತು. ನೋಡಿದ್ದನ್ನು ಬಣ್ಣ ಕಟ್ಟದೆ ಬರೆಯಬಲ್ಲ ಮನುಷ್ಯ ಎಂಬ ಹೆಸರು ಅಷ್ಟರಲ್ಲಿ ಕಲ್ಕತ್ತೆಯ ಅಧಿಕಾರಿಗಳ ನಡುವೆ ಹರಡಿತ್ತು.

ವೆಲ್ಲೆಸ್ಲಿಯ ಆಜ್ಞೆ

1799ರ ಮೇ 4ರಂದು ಶ್ರೀರಂಗಪಟ್ಟಣ ಪತನಗೊಂಡು ಟಿಪ್ಪು ಸುಲ್ತಾನ್ ಹತನಾದ. ಕೆನರಾ ಹಾಗೂ ಕೊಯಮತ್ತೂರು ಸೀಮೆಗಳು ಕಂಪನಿಯ ವಶವಾದವು. ಮಲಬಾರು 1792ರಲ್ಲೇ ಅದರ ಕೈ ಸೇರಿತ್ತು. ಉಳಿದ ಮೈಸೂರಿನ ಸಿಂಹಾಸನದ ಮೇಲೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕುಳ್ಳಿರಿಸಿ, ಆಡಳಿತವನ್ನು ದಿವಾನ್ ಪೂರ್ಣಯ್ಯನವರಿಗೆ ಒಪ್ಪಿಸಲಾಯಿತು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಈಗ ಈ ನೆಲದ ಬಗ್ಗೆ ಖಚಿತ ಮಾಹಿತಿ ಬೇಕಿತ್ತು. ಬೇಸಾಯ, ದನಕರು, ಹತ್ತಿ, ಮೆಣಸು, ಶ್ರೀಗಂಧ, ಗಣಿ, ಕೈಕಸುಬು, ಹವೆ, ಜನಜೀವನ, ಇವೆಲ್ಲವನ್ನೂ ವಿಚಾರಿಸಿ ವರದಿ ಮಾಡುವಂತೆ ಆತ 1800ರ ಫೆಬ್ರವರಿಯಲ್ಲಿ ಬುಕಾನನ್‌ಗೆ ಆಜ್ಞಾಪಿಸಿದ.

1800ರ ಏಪ್ರಿಲ್ 23ರಂದು ಬುಕಾನನ್ ಮದರಾಸು ಬಿಟ್ಟ. ಅಂದಿನಿಂದ 1801ರ ಜುಲೈ 6ರಂದು ಅಲ್ಲಿಗೆ ಹಿಂದಿರುಗುವವರೆಗೆ, ಹದಿನಾಲ್ಕು ತಿಂಗಳಿಗೂ ಹೆಚ್ಚು ಕಾಲ, ದಾರಿಯೇ ಆತನ ಮನೆಯಾಯಿತು. ಪೂರ್ವದ ಘಟ್ಟ ಹತ್ತಿ ಬೆಂಗಳೂರು, ಶ್ರೀರಂಗಪಟ್ಟಣ ಕಂಡ. ಕೋಲಾರ, ಶಿರಾ, ತುಮಕೂರು ಸೀಮೆಗಳನ್ನು ಸುತ್ತಿ ದಕ್ಷಿಣಕ್ಕಿಳಿದು ಕೊಯಮತ್ತೂರಿನ ಮೂಲಕ ಪಾಲಕ್ಕಾಡು ಕಣಿವೆ ದಾಟಿ ಮಲಬಾರು ಸೇರಿದ. ಅಲ್ಲಿಂದ ಕರಾವಳಿಯುದ್ದಕ್ಕೂ ಉತ್ತರಕ್ಕೆ ಮಂಗಳೂರು, ಹೊನ್ನಾವರ, ಗೋಕರ್ಣ. ಮತ್ತೆ ಪಶ್ಚಿಮ ಘಟ್ಟ ಹತ್ತಿ ಯಲ್ಲಾಪುರ, ಸೋಂದಾ, ಬನವಾಸಿ, ಇಕ್ಕೇರಿ, ನಗರ, ಶಿವಮೊಗ್ಗ. ರೈಲಾಗಲಿ, ಜಲ್ಲಿ ಹಾಕಿದ ರಸ್ತೆಯಾಗಲಿ ಇಲ್ಲದ ಕಾಲದಲ್ಲಿ ಘಟ್ಟಗಳನ್ನು ಹೀಗೆ ಇಳಿದು ಹತ್ತುವುದು ಸಾಮಾನ್ಯ ಸಾಹಸವಲ್ಲ. ಮಲೆನಾಡಿನ ದಟ್ಟ ಕಾಡಿನಿಂದ ಹೊರಬಿದ್ದು ತುಂಗಭದ್ರೆಯ ದಡದ ಹರಿಹರಕ್ಕೆ ಬಂದಾಗ ಕಣ್ಣ ಮುಂದೆ ತೆರೆದುಕೊಂಡದ್ದು ಬೇರೆಯದೇ ಲೋಕ.

ದುರ್ಗದ ಬಯಲು

ದಾವಣಗೆರೆಯಲ್ಲಿ ಕಂಬಳಿ ನೇಯ್ಗೆಯನ್ನು ವಿಚಾರಿಸಿಕೊಂಡ ಬುಕಾನನ್, ಹೊಳಲ್ಕೆರೆಯ ಕಡೆಯ ಬೆಟ್ಟಸಾಲನ್ನು ಬಲಕ್ಕಿಟ್ಟುಕೊಂಡು ಕೊಡಗನೂರಿನ ಮೂಲಕ ಚಿತ್ರದುರ್ಗಕ್ಕೆ ಬಂದ. ಇಂಗ್ಲಿಷರ ಬಾಯಲ್ಲಿ ಆಗ ಅದು ಚಿಟಲ್‌ಡ್ರೂಗ್. ಸುತ್ತಲೂ ತಗ್ಗಾದ ಬೋಳು ಕಲ್ಲುಗುಡ್ಡಗಳು, ನಡುವೆ ಬಯಲು, ಅಂಥದ್ದೊಂದು ಗುಡ್ಡದ ಮೇಲೆ ಪಾಳೆಯಗಾರರ ಕೋಟೆ ಎಂದು ಆತ ಊರಿನ ನೆಲೆಯನ್ನು ವಿವರಿಸಿದ್ದಾನೆ.

ಹೈದರಾಲಿಗೆ ದುರ್ಗ ವಶವಾಗಿ ಆಗ ಇಪ್ಪತ್ತೆರಡು ವರ್ಷಗಳಷ್ಟೇ ಕಳೆದಿದ್ದವು. 1779ರಲ್ಲಿ ಮದಕರಿ ನಾಯಕ ಸೆರೆಯಾದುದನ್ನು, ಬೇಡ ಸೈನಿಕರು ಕುಟುಂಬ ಸಮೇತ ಶ್ರೀರಂಗಪಟ್ಟಣದ ಕಡೆಗೆ ಸಾಗಿಸಲ್ಪಟ್ಟುದನ್ನು ಕಣ್ಣಾರೆ ಕಂಡವರು ಊರಿನಲ್ಲಿ ಇನ್ನೂ ಬದುಕಿದ್ದ ಕಾಲವದು. ಇಂದು ನಾವು ಕಾದಂಬರಿಗಳಲ್ಲಿ, ನಾಟಕಗಳಲ್ಲಿ ಕಾಣುವ ದುರ್ಗ ಅಂದಿನ ಜನಕ್ಕೆ ಆರದ ಗಾಯವಾಗಿತ್ತು.

ಹೃದಯ ಕಲಕುವ ಚಿತ್ರ ಎದುರಾಗುವುದು ಮುಂದಿನ ಹಾದಿಯಲ್ಲಿ. ಐಮಂಗಲ ದಾಟಿ ವೇದಾವತಿಯ ದಡದ ಹಿರಿಯೂರಿಗೆ ಬಂದಾಗ ಬುಕಾನನ್ ಕಂಡದ್ದು ಒಂದು ಕಾಲದ ದೊಡ್ಡ ಊರಿನ ಅವಶೇಷವನ್ನು. 1790ರಿಂದ 1792ರವರೆಗೆ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಪರಶುರಾಮ ಭಾವೂನ ಮರಾಠಾ ಸೇನೆ ಈ ಸೀಮೆಯ ಮೇಲೆ ಹರಿದುಹೋಗಿತ್ತು. ಸೇನೆಗೆ ಬೇಕಾದ ಕಾಳು, ಮೇವು, ದನಗಳನ್ನೆಲ್ಲ ಊರುಗಳಿಂದಲೇ ಎತ್ತಿಕೊಂಡದ್ದರ ಫಲವಾಗಿ ಕ್ಷಾಮ ಬಂತು. ಕತ್ತಿಗೆ ಸಿಕ್ಕದವರು ಹಸಿವಿಗೆ ಸಿಕ್ಕರು. ಬಿಟ್ಟುಹೋದ ಮನೆಗಳು ಕುಸಿದವು, ಹೊಲಗಳು ಬೀಳು ಬಿದ್ದವು. ಹತ್ತು ವರ್ಷ ಸಂದರೂ ಊರು ಚೇತರಿಸಿಕೊಂಡಿರಲಿಲ್ಲ ಎಂಬುದು ಆತನ ದಿನಚರಿಯಿಂದ ತಿಳಿದುಬರುತ್ತದೆ.

ಇಲ್ಲಿ ಒಂದು ಮಾತನ್ನು ಓದುಗರು ತಾವೇ ಸೇರಿಸಿಕೊಳ್ಳಬೇಕಾಗುತ್ತದೆ. ಆ ಯುದ್ಧದಲ್ಲಿ ಮರಾಠರು ಹೋರಾಡಿದ್ದು ಕಂಪನಿಯ ಮಿತ್ರರಾಗಿ. ಟಿಪ್ಪುವಿನ ವಿರುದ್ಧ ಕಾರ್ನ್‌ವಾಲಿಸ್ ಕಟ್ಟಿದ ಕೂಟದ ಸೇನೆಯೇ ಹಿರಿಯೂರು ಸೀಮೆಯನ್ನು ಬರಿದು ಮಾಡಿತು. ಅದೇ ಕಂಪನಿಯ ಸಂಬಳ ಪಡೆದ ವೈದ್ಯ ಹತ್ತು ವರ್ಷಗಳ ನಂತರ ಬಂದು ಆ ಗಾಯದ ಉದ್ದಗಲವನ್ನು ಅಳೆದ. ಲೂಟಿ ಮಾಡಿದವರ ಹೆಸರನ್ನು ಆತ ಮುಚ್ಚಿಡಲಿಲ್ಲ ಎಂಬುದನ್ನೂ ಹೇಳಲೇಬೇಕು.

ಮತ್ತೋಡಿನ ಬಳೆಯ ಕುಲುಮೆ

ಹಿರಿಯೂರಿನಿಂದ ಆತ ಹೆದ್ದಾರಿಯ ಜಾಡು ಬಿಟ್ಟು ನೈಋತ್ಯಕ್ಕೆ ತಿರುಗಿ, ಇಂದಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿಗೆ ಬಂದ. ಸುತ್ತಲಿನ ಗುಡ್ಡಗಳ ಕಬ್ಬಿಣದ ಅದಿರಿನ ಕಡೆಗೆ ಆತನ ಗಮನ ಹರಿಯಿತು. ಆದರೆ ಆ ಊರನ್ನು ಇತಿಹಾಸದಲ್ಲಿ ಉಳಿಸಿದ್ದು ಅಲ್ಲಿನ ಗಾಜು.

ಹೆಂಗಸರು ಕೈಗೆ ತೊಡುವ ಬಳೆಗಳಿಗೆ ಬೇಕಾದ ಗಾಜನ್ನು ಮತ್ತೋಡಿನಲ್ಲಿ ತಯಾರಿಸುತ್ತಿದ್ದರು. ಚೌಳು ಮಣ್ಣಿನಿಂದ ತೆಗೆದ ಕ್ಷಾರ ಮತ್ತು ಕುಟ್ಟಿ ಪುಡಿ ಮಾಡಿದ ಬೆಣಚುಕಲ್ಲು ಅದರ ಮೂಲವಸ್ತು. ಊರ ಕೋಟೆಗೋಡೆಯ ಒಳಮೈಗೆ ಒತ್ತಿಕೊಂಡಂತೆ ಕಟ್ಟಿದ ಗುಮ್ಮಟದಾಕಾರದ ಕುಲುಮೆಗಳಲ್ಲಿ, ಮೂಸೆಗಳಲ್ಲಿಟ್ಟು ಅದನ್ನು ಕರಗಿಸುತ್ತಿದ್ದರು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಹೀಗೆ ಐದು ಬಣ್ಣದ ಗಾಜು ಸಿದ್ಧವಾಗುತ್ತಿತ್ತು. ಗಾಜು ಒರಟು, ಆರಪಾರ ಕಾಣುವಂಥದ್ದಲ್ಲ ಎಂದು ಆತ ಹೇಳುತ್ತಾನಾದರೂ ತಯಾರಿಕೆಯ ವಿಧಾನವನ್ನು ಹಂತ ಹಂತವಾಗಿ ದಾಖಲಿಸಿದ್ದಾನೆ.

ಮತ್ತೋಡಿನ ಕುಲುಮೆಗಳು ಆರಿ ಬಹುಕಾಲವಾಗಿದೆ. ಆ ಕಸುಬು ಹೇಗಿತ್ತು ಎಂದು ತಿಳಿಯಲು ಬಯಸುವವರಿಗೆ ಬುಕಾನನ್‌ನ ಕೆಲವು ಪುಟಗಳೇ ಇಂದು ಮುಖ್ಯ ಆಧಾರ. ಆದರೆ ಅಲ್ಲಿ ಕುಲುಮೆಯ ಆಕಾರವಿದೆ, ಗಾಜಿನ ಬಣ್ಣಗಳಿವೆ. ಬೆಂಕಿಯ ಮುಂದೆ ಕುಳಿತು ದುಡಿದವರ ಬಾಳಿನ ಕಥೆ ಇಲ್ಲ. ಇಡೀ ಗ್ರಂಥದ ಶಕ್ತಿ ಮತ್ತು ಮಿತಿ ಎರಡೂ ಈ ಒಂದು ಪ್ರಸಂಗದಲ್ಲಿ ಕಾಣಸಿಗುತ್ತವೆ.

ಪ್ರಶ್ನೆ ಕೇಳುವವನ ಮುಂದೆ

ಬುಕಾನನ್‌ನ ಕಾರ್ಯವಿಧಾನ ಸರಳ. ಊರ ಗೌಡ, ಶಾನುಭೋಗ, ಹಿರಿಯರು, ಆಯಾ ಕಸುಬಿನವರು, ಇವರನ್ನು ದುಭಾಷಿಯ ಮೂಲಕ ವಿಚಾರಿಸುವುದು, ಸಾಧ್ಯವಾದಲ್ಲಿ ತಾನೇ ಅಳೆದು ನೋಡುವುದು. ರಾಗಿ, ಅವರೆ, ಹುರುಳಿ, ಜೋಳಗಳ ಕನ್ನಡ ಹೆಸರುಗಳನ್ನೇ ಆತ ಬಳಸಿದ. ನೇಗಿಲು, ಕೂರಿಗೆಗಳ ಚಿತ್ರಗಳು ಗ್ರಂಥದಲ್ಲಿ ಅಚ್ಚಾಗಿವೆ. ಯುದ್ಧದ ಮೇಲೆ ಯುದ್ಧ, ಕಂದಾಯದ ಮೇಲೆ ಕಂದಾಯ ಕಂಡಿದ್ದ ರೈತರು ಹೊಸ ಒಡೆಯರ ಕಡೆಯ ಬಿಳಿಯನ ಮುಂದೆ ನಿಂತು ತಮ್ಮ ಹೊಲದ ಇಳುವರಿಯನ್ನು ಮನಬಿಚ್ಚಿ ಹೇಳಿರಲಾರರು. ಜನ ಕೊಟ್ಟ ಲೆಕ್ಕಗಳನ್ನು ಪೂರ್ತಿ ನಂಬುವಂತಿಲ್ಲ ಎಂಬ ಎಚ್ಚರಿಕೆ ಆತನಿಗೂ ಇತ್ತು. ಪುರೋಹಿತ ವರ್ಗದ ವಿಷಯದಲ್ಲಿ ಆತನ ಪೂರ್ವಗ್ರಹ, ಸ್ಥಳೀಯ ನಂಬಿಕೆಗಳ ಬಗೆಗಿನ ತಾತ್ಸಾರ ಅಲ್ಲಲ್ಲಿ ಇಣುಕುತ್ತವೆ. ಟಿಪ್ಪುವಿನ ಕುರಿತ ಮಾತುಗಳನ್ನು ಗೆದ್ದವರ ಕಡೆಯ ಮಾತುಗಳೆಂದೇ ಓದಬೇಕು.

ಮತ್ತೋಡಿನಿಂದ ಬಾಣಾವರದ ಮೂಲಕ ಆತ ಶ್ರೀರಂಗಪಟ್ಟಣದತ್ತ ಸಾಗಿ, ಕೊನೆಗೆ ಮದರಾಸು ಸೇರಿದ. ಮೈಸೂರು, ಕೆನರಾ, ಮಲಬಾರು ದೇಶಗಳ ಪ್ರಯಾಣ ಎಂಬ ಅರ್ಥದ ಹೆಸರಿನಲ್ಲಿ ಆತನ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ದಿನಚರಿಯನ್ನು ವಿಷಯವಾರು ಜೋಡಿಸದೆ ಇದ್ದಂತೆಯೇ ಅಚ್ಚಿಗೆ ಕೊಡಲಾಗಿತ್ತು. ಓದುವುದಕ್ಕೆ ಅದು ತೊಡಕಾದರೂ ಮುಂದಿನವರಿಗೆ ವರವಾಯಿತು. ಯಾವ ಊರಿನಲ್ಲಿ, ಯಾವ ದಿನ, ಏನು ಕಂಡ ಎಂಬುದು ಹಾಗೆಯೇ ಉಳಿಯಿತು. ಮುಂದೆ ಲೂಯಿಸ್ ರೈಸ್ ಮೈಸೂರು ಗೆಜೆಟಿಯರ್ ಸಿದ್ಧಪಡಿಸುವಾಗ ಈ ಸಂಪುಟಗಳನ್ನು ಧಾರಾಳವಾಗಿ ಬಳಸಿಕೊಂಡರು.

ಕೈತಪ್ಪಿದ ದುಡಿಮೆ

ಮೈಸೂರಿನಿಂದ ಹಿಂದಿರುಗಿದ ಬುಕಾನನ್‌ಗೆ ವಿಶ್ರಾಂತಿ ದೊರೆಯಲಿಲ್ಲ. 1802ರಲ್ಲಿ ನೇಪಾಳಕ್ಕೆ ಹೋಗಿ ಹಿಮಾಲಯದ ಸಸ್ಯಗಳನ್ನು ಅಭ್ಯಸಿಸಿದ. 1807ರಿಂದ 1814ರವರೆಗೆ ಬಂಗಾಳ, ಬಿಹಾರ ಪ್ರಾಂತ್ಯಗಳ ಸುದೀರ್ಘ ಸಮೀಕ್ಷೆ ನಡೆಸಿದ. 1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾದರೂ ಆರೋಗ್ಯ ಕೆಟ್ಟು ಮರುವರ್ಷವೇ ಸ್ವದೇಶಕ್ಕೆ ಮರಳಬೇಕಾಯಿತು. ಹೊರಡುವ ಹೊತ್ತಿಗೆ ಆಘಾತವೊಂದು ಕಾದಿತ್ತು. ವರ್ಷಗಟ್ಟಲೆ ಶ್ರಮಿಸಿ ಬರೆಯಿಸಿದ್ದ ಪ್ರಾಣಿ, ಪಕ್ಷಿ, ಸಸ್ಯಗಳ ಚಿತ್ರಗಳನ್ನು ಜತೆಗೆ ಒಯ್ಯಲು ಗವರ್ನರ್ ಜನರಲ್ ಹೇಸ್ಟಿಂಗ್ಸ್ ಬಿಡಲಿಲ್ಲ. ಊರೂರಿನ ಆಸ್ತಿಪಾಸ್ತಿಯ ಪಟ್ಟಿಯನ್ನು ಕಂಪನಿಗಾಗಿ ಬರೆದವನ ಸ್ವಂತ ದುಡಿಮೆ ಕಂಪನಿಯ ಆಸ್ತಿಯಾಗಿ ಉಳಿಯಿತು.

ತಾಯಿಯ ಕಡೆಯ ಆಸ್ತಿ ಕೈಸೇರಿದಾಗ ಆತ ಹ್ಯಾಮಿಲ್ಟನ್ ಎಂಬ ಆ ಮನೆತನದ ಹೆಸರನ್ನೂ ಸ್ವೀಕರಿಸಿದ. ನೇಪಾಳದ ಗ್ರಂಥ 1819ರಲ್ಲಿ, ಗಂಗಾನದಿಯ ಮೀನುಗಳ ಗ್ರಂಥ 1822ರಲ್ಲಿ ಹೊರಬಂದವು. 1829ರ ಜೂನ್ 15ರಂದು ಸ್ಕಾಟ್ಲೆಂಡಿನ ತನ್ನ ಬೆಟ್ಟಗಳ ಮಡಿಲಲ್ಲೇ ಬುಕಾನನ್ ಕಣ್ಣು ಮುಚ್ಚಿದ. ಸಿಹಿತಿಂಡಿಗಳಿಗೆ ಹಾಕುವ ಚಾರೋಳಿಯನ್ನು ಕೊಡುವ ಮರದ ಕುಲಕ್ಕೆ ಸಸ್ಯವಿಜ್ಞಾನಿಗಳು ಆತನ ಹೆಸರನ್ನಿಟ್ಟಿದ್ದಾರೆ.

ಆತ ಕಂಡ ಸೀಮೆ ಈಗ ಗುರುತು ಸಿಗದಷ್ಟು ಬದಲಾಗಿದೆ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾದ ವಾಣಿವಿಲಾಸ ಸಾಗರದ ಕಾಮಗಾರಿ 1907ರಲ್ಲಿ ಮುಗಿಯಿತು. 30 ಟಿಎಂಸಿ ಅಡಿ ನೀರು ಹಿಡಿಯುವ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದ ನಂತರ ಮತ್ತೆ ತುಂಬಿ ಹರಿಯಲು 2022ರವರೆಗೆ ಕಾಯಬೇಕಾಯಿತು. ಮಳೆ ಈ ಸೀಮೆಗೆ ಎಷ್ಟು ದುಬಾರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಪ್ರತಿ ಊರಿನಲ್ಲೂ ನೀರು ಮತ್ತು ಬೆಳೆಯ ಬಗ್ಗೆ ಬುಕಾನನ್ ಕೇಳಿದ ಪ್ರಶ್ನೆಗಳು ಇಂದಿಗೂ ಇಲ್ಲಿನ ರೈತರ ಪ್ರಶ್ನೆಗಳೇ.

ಕೋಟೆಯ ಕಥೆಗಳಲ್ಲಿ ನಾಯಕರು, ಸುಲ್ತಾನರು, ಸೇನಾಪತಿಗಳು ಬರುತ್ತಾರೆ. ಯುದ್ಧ ಮುಗಿದ ಮೇಲೆ ಊರಿನಲ್ಲಿ ಉಳಿದವರು ಏನು ಬಿತ್ತಿದರು, ಏನು ಉಂಡರು, ಯಾವ ಕಸುಬಿನಿಂದ ಬದುಕಿದರು ಎಂಬುದನ್ನು ತಿಳಿಯಲು ಮಾತ್ರ ನಾವು ಗೆದ್ದವರ ಕಡೆಯಿಂದ ಬಂದ ಈ ಪರಕೀಯನ ದಿನಚರಿಯನ್ನೇ ತೆರೆಯಬೇಕಾಗಿದೆ. ಹೆದ್ದಾರಿಯಲ್ಲಿ ವೇಗವಾಗಿ ಸಾಗುವವರು ಒಮ್ಮೆ ಹೊಸದುರ್ಗದ ಕಡೆ ತಿರುಗಿ ಮತ್ತೋಡಿಗೆ ಹೋಗಿಬರಬಹುದು. ಕುಲುಮೆ ಇಲ್ಲದಿದ್ದರೂ, ಒಂದು ಕಾಲಕ್ಕೆ ಆ ಊರಿನ ಗಾಜು ನಾಡಿನ ಹೆಂಗಸರ ಕೈಬಳೆಯಾಗಿತ್ತು ಎಂಬ ಅರಿವು ಆ ದಾರಿಯನ್ನು ಬೇರೆ ಕಣ್ಣಿನಿಂದ ನೋಡುವಂತೆ ಮಾಡುತ್ತದೆ.