ಸ್ಕೌಟು ಚಳವಳಿಯ ಮೂಲಪುರುಷ ಬೇಡನ್ ಪೊವೆಲ್ ಮಹಾಶಯರು

ಕಪಿಲಾತೀರದ ಸುತ್ತೂರಿನಲ್ಲಿ ಆದಿಜಗದ್ಗುರು ಶ್ರೀ ಶಿವರಾತ್ರೀಶ್ವರ ಶಿವಯೋಗಿಗಳ ಜಾತ್ರೆಯು ನೆರೆದಾಗ ದಾಸೋಹದ ಪಂಕ್ತಿಯನ್ನು ನೋಡಿದವರೆಲ್ಲರೂ ಒಂದು ಸಂಗತಿಯನ್ನು ಬಲ್ಲರು. ಸೇವೆಯೆಂಬುದು ಗ್ರಂಥದಿಂದ ಬರುವ ವಿದ್ಯೆಯಲ್ಲ. ಬಡಿಸಿ ಬಡಿಸಿ ಬರುವ ವಿದ್ಯೆ. ಈ ತತ್ತ್ವವನ್ನೇ ಬಾಲಕರ ಶಿಕ್ಷಣಕ್ರಮವನ್ನಾಗಿ ಮಾಡಿ ಜಗತ್ತಿಗೆಲ್ಲ ಹಂಚಿದವರು ಪರದೇಶದ, ಪರಮತದ ಒಬ್ಬ ಸೇನಾನಿಗಳು. ಅವರ ಚರಿತ್ರೆಯು ಮಠದ ಸಂಪುಟದಲ್ಲೇಕೆ ಎಂದು ವಾಚಕರು ಶಂಕಿಸಬಹುದು. ಧರ್ಮಸಂಸ್ಥೆಗಳಿಗೂ ಅವರು ಕಟ್ಟಿದ ಚಳವಳಿಗೂ ಬೆಳೆದ ನಂಟೇ ಅದಕ್ಕೆ ಉತ್ತರವು.

ರಾಬರ್ಟ್ ಬೇಡನ್ ಪೊವೆಲ್ ಮಹಾಶಯರು 1857ನೆಯ ಇಸವಿ ಫೆಬ್ರವರಿ 22ರಂದು ಲಂಡನ್ ನಗರದಲ್ಲಿ ಜನಿಸಿದರು. ತಂದೆಯವರು ಆಂಗ್ಲ ಚರ್ಚಿನ ಪಾದ್ರಿಗಳು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ರೇಖಾಗಣಿತದ ಪ್ರಾಧ್ಯಾಪಕರೂ ಆಗಿದ್ದರು. ಡಾರ್ವಿನ್ ಪಂಡಿತರ ವಿಕಾಸವಾದವನ್ನು ಅನೇಕ ಪಾದ್ರಿಗಳು ಖಂಡಿಸುತ್ತಿದ್ದ ಕಾಲದಲ್ಲಿ ಇವರು ಅದನ್ನು ಆದರಿಸಿ ಬರೆದವರು. 1860ರಲ್ಲಿ ತಂದೆಯವರು ತೀರಿಕೊಂಡಾಗ ರಾಬರ್ಟನಿಗೆ ಮೂರು ವರ್ಷ. ತಾಯಿ ಹೆನ್ರಿಯೆಟ್ಟಾ ಗ್ರೇಸ್ ಎಂಬಾಕೆಯು ಸಂಸಾರಭಾರವನ್ನೆಲ್ಲ ತಾನೇ ಹೊತ್ತು ಮಕ್ಕಳನ್ನು ಸಾಕಿದಳು. ಚಾರ್ಟರ್‌ಹೌಸ್ ಶಾಲೆಯಲ್ಲಿ ಓದುತ್ತಿದ್ದಾಗ ಬಾಲಕನು ಪಾಠಕ್ಕಿಂತ ಹೆಚ್ಚಾಗಿ ಶಾಲೆಯ ಪಕ್ಕದ ಕಾಡಿನಲ್ಲಿ ಕಲಿತನು.

1876ರಲ್ಲಿ ಅವರು ಸೈನ್ಯವನ್ನು ಸೇರಿ ಭಾರತಕ್ಕೆ ಬಂದರು. ಹೆಜ್ಜೆಯ ಗುರುತನ್ನು ಓದುವುದು, ಸದ್ದಿಲ್ಲದೆ ಸಂಚರಿಸುವುದು, ಕಂಡುದನ್ನು ನೆನಪಿನಲ್ಲಿಡುವುದು, ಇವೇ ಮುಂತಾದ ಬೇಹಿನ ವಿದ್ಯೆಗಳನ್ನು ಸಿಪಾಯಿಗಳಿಗೆ ಕಲಿಸುತ್ತ, ಆ ವಿಷಯವಾಗಿ 1899ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಮಾಫೆಕಿಂಗ್ ಪಟ್ಟಣವು ಶತ್ರುಗಳಿಂದ ಸುತ್ತುವರಿಯಲ್ಪಟ್ಟಿತು. ಬೇಡನ್ ಪೊವೆಲರು 217 ದಿನಗಳ ಕಾಲ ಅದನ್ನು ಕಾಪಾಡಿ ಕೀರ್ತಿವಂತರಾದರು. ಆ ಮುತ್ತಿಗೆಯಲ್ಲಿ ಊರಿನ ಕರಿಯ ಜನರಿಗೆ ಅನ್ನದ ಹಂಚಿಕೆಯು ನ್ಯಾಯವಾಗಿ ನಡೆಯಲಿಲ್ಲವೆಂದು ಮುಂದಿನ ಚರಿತ್ರಕಾರರು ಆಕ್ಷೇಪಿಸಿರುವುದನ್ನೂ ಇಲ್ಲಿ ಮರೆಮಾಚಲಾಗದು. ಅಲ್ಲಿ ಸಣ್ಣ ಹುಡುಗರು ಸಂದೇಶವಾಹಕರಾಗಿ ಧೈರ್ಯದಿಂದ ದುಡಿದುದು ಅವರ ಮನಸ್ಸಿನಲ್ಲಿ ನಾಟಿತು. ನಂಬಿ ಹೊಣೆಯನ್ನು ಕೊಟ್ಟರೆ ಬಾಲಕನು ಅದಕ್ಕೆ ತಕ್ಕಂತೆ ಬೆಳೆಯುವನೆಂಬುದೇ ಅವರಿಗಾದ ಉಪದೇಶವು.

ಸ್ವದೇಶಕ್ಕೆ ಹಿಂದಿರುಗಿದಾಗ ಸಿಪಾಯಿಗಳಿಗಾಗಿ ಬರೆದ ಆ ಪುಸ್ತಕವನ್ನು ಹುಡುಗರು ಆಸೆಯಿಂದ ಓದುತ್ತಿದ್ದುದನ್ನು ಕಂಡು ಅವರು ಬೆರಗಾದರು. ಆ ಮೊದಲೇ, ಎಂದರೆ 1883ರಲ್ಲಿ, ಗ್ಲಾಸ್ಗೋ ನಗರದ ವಿಲಿಯಂ ಸ್ಮಿತ್ ಎಂಬವರು ಚರ್ಚಿನ ಭಾನುವಾರದ ಪಾಠಶಾಲೆಯಲ್ಲಿ ಹುಡುಗರು ಮಾತು ಕೇಳದಿರಲು, ಕವಾಯಿತು, ಆಟ, ಪ್ರಾರ್ಥನೆಗಳನ್ನು ಕೂಡಿಸಿ ಬಾಯ್ಸ್ ಬ್ರಿಗೇಡ್ ಎಂಬ ದಳವನ್ನು ಕಟ್ಟಿದ್ದರು. 1904ರಲ್ಲಿ ಆ ದಳದ ಸಾವಿರಾರು ಬಾಲಕರನ್ನು ಪರಿವೀಕ್ಷಿಸಿದ ಬೇಡನ್ ಪೊವೆಲರಿಗೆ, ಸೇನಾವಿದ್ಯೆಯನ್ನು ಶಾಂತಿಯ ವಿದ್ಯೆಯನ್ನಾಗಿ ತಿದ್ದಿ ಕೊಡಬೇಕೆಂದು ಸ್ಮಿತ್ ಮಹಾಶಯರೇ ಪ್ರೇರಣೆಯಿತ್ತರು. ಹೀಗೆ ಸ್ಕೌಟು ಚಳವಳಿಯ ಬೀಜವು ಬಿದ್ದುದೇ ಒಂದು ಧರ್ಮಸಭೆಯ ಅಂಗಳದಲ್ಲಿ.

1907ರ ಆಗಸ್ಟ್ ತಿಂಗಳಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಮಂದಿ ಬಾಲಕರ ಶಿಬಿರವು ನಡೆಯಿತು. ಸಿರಿವಂತರ ಮಕ್ಕಳೂ ದುಡಿಯುವವರ ಮಕ್ಕಳೂ ಒಂದೇ ಡೇರೆಯಲ್ಲಿ ಮಲಗಿ ಒಂದೇ ಒಲೆಯ ಅಡಿಗೆಯನ್ನು ಉಂಡರು. ಮರುವರ್ಷ ಬಾಲಕರಿಗಾಗಿ ಅವರು ಬರೆದ ಗ್ರಂಥವು ಬಿಡಿ ಸಂಚಿಕೆಗಳಾಗಿ ಹೊರಬಂದಿತು. ಯಾರ ಅಪ್ಪಣೆಗೂ ಕಾಯದೆ ಊರೂರಿನ ಹುಡುಗರು ತಾವೇ ಪಡೆಗಳನ್ನು ಕಟ್ಟಿಕೊಂಡರು. 1910ರಲ್ಲಿ ಅವರು ಸೈನ್ಯವನ್ನು ಬಿಟ್ಟು ಈ ಕಾರ್ಯಕ್ಕೇ ತಮ್ಮನ್ನು ಒಪ್ಪಿಸಿಕೊಂಡರು. ಸೋದರಿ ಆಗ್ನೆಸ್ ಎಂಬಾಕೆಯೊಡನೆ ಬಾಲಕಿಯರಿಗಾಗಿ ಗೈಡು ಸಂಸ್ಥೆಯನ್ನು ಸ್ಥಾಪಿಸಿದುದೂ ಅದೇ ವರ್ಷ.

ಅವರ ದೂರದೃಷ್ಟಿಯು ಕಾಣುವುದು ಧರ್ಮದ ವಿಷಯದಲ್ಲಿ. ಸ್ಕೌಟಾಗುವವನು ದೇವರಿಗೆ ಸಲ್ಲಿಸಬೇಕಾದ ಕರ್ತವ್ಯವನ್ನು ಮಾಡುವೆನೆಂದು ಪ್ರತಿಜ್ಞೆಗೈಯಬೇಕು. ಆದರೆ ಯಾವ ದೇವರೆಂಬುದನ್ನು ಚಳವಳಿಯು ಹೇಳುವುದಿಲ್ಲ. ಅದು ಆಯಾ ಬಾಲಕನ ಮನೆಗೂ ಧರ್ಮಕ್ಕೂ ಬಿಟ್ಟ ಮಾತು. ಆದುದರಿಂದ ಚರ್ಚು, ಮಸೀದಿ, ವಿಹಾರ, ಮಠ, ಎಲ್ಲಿ ಬೇಕಾದರೂ ಒಂದು ಪಡೆಯು ನೆಲೆನಿಲ್ಲಬಹುದು. ಧರ್ಮಸಂಸ್ಥೆಯು ಸ್ಥಳವನ್ನೂ ಶೀಲವಂತರಾದ ನಾಯಕರನ್ನೂ ಕೊಡುವುದು. ಚಳವಳಿಯು ಕ್ರಮವನ್ನೂ ಶಿಕ್ಷಣವನ್ನೂ ಕೊಡುವುದು. ಒಂದು ಮತ್ತೊಂದನ್ನು ನುಂಗಬಾರದೆಂಬುದೇ ಈ ಕೂಡಾವಳಿಯ ನಿಯಮವು. ಅಮೆರಿಕಾ ದೇಶದಲ್ಲಿ ಮಾರ್ಮನ್ ಸಭೆಯು 1913ರಿಂದ 2019ರ ಕೊನೆಯವರೆಗೆ, ನೂರಕ್ಕೂ ಮಿಕ್ಕ ವರ್ಷಗಳ ಕಾಲ, ಇಂತಹ ಸಹಯೋಗವನ್ನು ನಡೆಯಿಸಿ, ಬಳಿಕ ತನ್ನದೇ ಕ್ರಮವನ್ನು ರಚಿಸಿಕೊಂಡು ಬೇರೆಯಾಯಿತು. ಆ ದೇಶದ ಸ್ಕೌಟು ಸಂಸ್ಥೆಯು, ನಂಬಿದ ನಾಯಕರಲ್ಲಿ ಕೆಲವರು ಮಕ್ಕಳಿಗೆ ಎಸಗಿದ ದ್ರೋಹದ ವ್ಯಾಜ್ಯಗಳಿಂದ, 2020ರಲ್ಲಿ ದಿವಾಳಿಯ ರಕ್ಷಣೆಯನ್ನು ಬೇಡಬೇಕಾಯಿತು. ಪರರ ಮಕ್ಕಳನ್ನು ವಹಿಸಿಕೊಂಡವರಿಗೆ ಎಚ್ಚರವೇ ಮೊದಲನೆಯ ವ್ರತವೆಂಬುದಕ್ಕೆ ಬೇರೆ ನಿದರ್ಶನವು ಬೇಡ.

ಭಾರತದಲ್ಲಿ ಈ ಚಳವಳಿಯು ಮೊದಲು ಕಾಲಿಟ್ಟುದು 1909ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಕ್ರೈಸ್ತ ಧರ್ಮಸಭೆಯ ಬಿಷಪ್ ಕಾಟನ್ ಶಾಲೆಯಲ್ಲಿ. ಆದರೆ ಅದರ ಬಾಗಿಲು ಯೂರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಬಾಲಕರಿಗೆ ಮಾತ್ರ ತೆರೆದಿತ್ತು. ಎಲ್ಲರನ್ನೂ ಸೋದರರೆಂದು ಕಾಣಬೇಕೆಂಬ ನಿಯಮವು ನಮ್ಮ ಮಕ್ಕಳ ಮುಂದೆ ಸುಳ್ಳಾಯಿತು. ಈ ಅನ್ಯಾಯವನ್ನು ಸಹಿಸದೆ ಥಿಯಸಾಫಿಕಲ್ ಸಭೆಯ ಆನಿ ಬೆಸೆಂಟ್ ಅಮ್ಮನವರು, ಅರುಂಡೇಲ್ ಮಹಾಶಯರೊಡನೆ, ಮದರಾಸಿನಲ್ಲಿ ಭಾರತೀಯ ಬಾಲಕರಿಗಾಗಿಯೇ ಸ್ಕೌಟು ಸಂಘವನ್ನು ಸ್ಥಾಪಿಸಿದರು. ಉತ್ತರದೇಶದಲ್ಲಿ ಪಂಡಿತ ಮದನಮೋಹನ ಮಾಲವೀಯರೂ ಹೃದಯನಾಥ ಕುಂಜ್ರೂ ಅವರೂ 1918ರಲ್ಲಿ ಸೇವಾಸಮಿತಿಯ ಸ್ಕೌಟು ಪಡೆಗಳನ್ನು ಕಟ್ಟಿದರು. ಮೇಳಗಳಲ್ಲಿ ಯಾತ್ರಿಕರ ಸೇವೆಯೇ ಸೇವಾಸಮಿತಿಯವರ ಸಾಧನೆಯಾಗಿತ್ತು. ಮೈಸೂರು ಸಂಸ್ಥಾನದಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಚೀಫ್ ಸ್ಕೌಟರ ಪದವಿಯಲ್ಲಿದ್ದು ಈ ಕಾರ್ಯಕ್ಕೆ ಆಶ್ರಯವಿತ್ತರು.

1920ರಲ್ಲಿ ಲಂಡನ್ನಿನ ಮಹಾಮೇಳದಲ್ಲಿ ಜಗತ್ತಿನ ಚೀಫ್ ಸ್ಕೌಟರೆಂದು ಘೋಷಿತರಾದ ಬೇಡನ್ ಪೊವೆಲರು, 1921ರಲ್ಲಿ ಭಾರತಕ್ಕೆ ಬಂದು ಬೆಸೆಂಟ್ ಅಮ್ಮನವರ ಸಂಘವನ್ನು ತಮ್ಮ ಸಂಸ್ಥೆಯೊಡನೆ ಕೂಡಿಸಿಕೊಂಡರು. ಬಾಗಿಲು ತೆರೆಯಿತು. ಆದರೂ ಕಲಹವು ಮುಗಿಯಲಿಲ್ಲ. 1937ರಲ್ಲಿ ದೆಹಲಿಯ ಮೇಳವನ್ನು ನೋಡಿ ಹೋದ ಮೇಲೆ ಭಾರತೀಯರ ಶೀಲವನ್ನು ಹೀನೈಸುವ ಅವರ ಮಾತುಗಳು ಪ್ರಕಟವಾಗಲು, ಅನೇಕರು ಸಂಸ್ಥೆಯನ್ನು ತ್ಯಜಿಸಿದರು. 1938ರಲ್ಲಿ ಹಿಂದೂಸ್ಥಾನ್ ಸ್ಕೌಟ್ ಸಂಘವು ಹುಟ್ಟಿತು. ತಾನು ಹಾಕಿದ ದಾರಿಯಲ್ಲಿ ತಾನೇ ಎಡವಿದ ಮಹಾಪುರುಷರು ಲೋಕದಲ್ಲಿ ವಿರಳರಲ್ಲ. ಅವರು ಎಡವಿದರೆಂದು ನಮ್ಮವರು ದಾರಿಯನ್ನು ಬಿಡಲಿಲ್ಲವೆಂಬುದು ಸಂತೋಷದ ಸಂಗತಿ. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಎರಡು ಕವಲುಗಳೂ ಸೇರಿ ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯು ಉದಯಿಸಿತು.

ವೃದ್ಧಾಪ್ಯದಲ್ಲಿ ಪತ್ನಿ ಓಲೇವ್ ಅವರೊಡನೆ ಆಫ್ರಿಕಾದ ಕೀನ್ಯಾ ದೇಶದ ನ್ಯೇರಿ ಎಂಬಲ್ಲಿ ನೆಲೆಸಿದ್ದ ಬೇಡನ್ ಪೊವೆಲ್ ಮಹಾಶಯರು 1941ರ ಜನವರಿ 8ರಂದು ದೇಹವನ್ನು ಬಿಟ್ಟರು. ಅವರ ಸಮಾಧಿಯ ಕಲ್ಲಿನ ಮೇಲೆ ಒಂದು ವೃತ್ತ, ಅದರ ನಡುವೆ ಒಂದು ಬಿಂದು. ಮನೆಗೆ ಹೋದೆನೆಂದು ಹಿಂದೆ ಬರುವವರಿಗೆ ತಿಳಿಸಲು ಸ್ಕೌಟುಗಳು ದಾರಿಯಲ್ಲಿ ಬರೆಯುವ ಗುರುತು ಅದು.

ಅದೇ 1941ರಲ್ಲಿ ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ಬಡ ವಿದ್ಯಾರ್ಥಿಗಳಿಗಾಗಿ ಮೈಸೂರಿನಲ್ಲಿ ಉಚಿತ ಪ್ರಸಾದನಿಲಯವನ್ನು ತೆರೆದರು. 1954ರಲ್ಲಿ ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು. ಒಬ್ಬರು ಡೇರೆಯಿಂದ ಹೊರಟರು, ಮತ್ತೊಬ್ಬರು ದಾಸೋಹದಿಂದ ಹೊರಟರು. ಇಬ್ಬರೂ ಹುಡುಕಿದುದು ಬಾಲಕನನ್ನೇ. ಇವೆರಡಕ್ಕೂ ಯಾವ ಒಪ್ಪಂದವೂ ಇರಲಿಲ್ಲ. ಆದರೆ ಇವು ಒಂದನ್ನೊಂದು ಅರಿಯಲು ಒಪ್ಪಂದದ ಅಗತ್ಯವೂ ಇಲ್ಲ. ದಿನಕ್ಕೊಂದಾದರೂ ಪರೋಪಕಾರವನ್ನು ಮಾಡಬೇಕೆಂಬ ಸ್ಕೌಟಿನ ನೇಮವು, ಕಾಯಕದಾಸೋಹಗಳನ್ನು ಬಲ್ಲ ಮನೆಯ ಮಗುವಿಗೆ ಹೊಸದಾಗಿ ತೋರಲಾರದು. ಜಾತ್ರೆಯಲ್ಲಿ ತಪ್ಪಿಹೋದ ಕೂಸನ್ನು ತಾಯಿಗೆ ಒಪ್ಪಿಸುವ, ಮುದುಕರನ್ನು ಕೈಹಿಡಿದು ನದಿಗೆ ಇಳಿಸುವ ಬಾಲಕನ ಕೊರಳಲ್ಲಿ ಲಿಂಗವೂ ಸ್ಕೌಟಿನ ಕೊರಳವಸ್ತ್ರವೂ ಒಟ್ಟಿಗೆ ಇರಬಾರದೆಂಬ ನಿಯಮವು ಎಲ್ಲಿಯೂ ಇಲ್ಲ. ಅಂತಹ ಬಾಲಕರು ಮಠಮಠಗಳ ಅಂಗಳದಲ್ಲಿಯೂ ಬೆಳೆದು ಲೋಕಕ್ಕೆ ಹಿತವಾಗಲೆಂದು ಪ್ರಾರ್ಥಿಸಿ ಈ ಚರಿತ್ರೆಯನ್ನು ಮುಗಿಸುವೆವು.